ಭಂಡಾರ ಮೆತ್ತಿದ ಬೋಲ್ಟು

ಕಾರ್ಖಾನೆಯ ಆಡಳಿತದವರೇ, ನಿಮ್ಮ ವಿಮಾನ ಕಬ್ಬಿನ ಹೊಲಕ್ಕೆ ಬಿದ್ದದ್ದಕ್ಕೆ ಹೊಣೆ ನೀವು. ದೋಷ ಎಲ್ಲಿದೆಯೆಂದು ಹದಿನೈದು ದಿನ ಮೊದಲೇ ನಿಮಗೆ ಕಣ್ಣೆದುರೇ ತೋರಿಸಲಾಗಿತ್ತು. ತೋರಿಸಿದವನನ್ನೇ ನೀವು ಕೆಲಸದಿಂದ ತೆಗೆದಿರಿ. ಅವನು ದಿನದಿನವೂ ಬರೆದಿಟ್ಟ ವಹಿಯನ್ನು ಕಸಿದುಕೊಂಡು ಕಪಾಟಿನಲ್ಲಿಟ್ಟು, ಅಂಥ ವಹಿ ಇರಲೇ ಇಲ್ಲವೆಂದು ವರದಿ ಬರೆದಿರಿ.

ಇದನ್ನು ಹೇಳುವ ಅಧಿಕಾರ ನನಗೆ ಎಲ್ಲಿಂದ ಬಂತೆಂದು ಕೇಳುವಿರಿ. ಆ ದಿನಗಳಲ್ಲಿ ನಾನು ನಿಮ್ಮಲ್ಲಿ ಎಂಜಿನಿಯರ್ ಆಗಿದ್ದೆ. ನೀವು ಕಟ್ಟಿದ ಸುಳ್ಳಿಗೆ ನನ್ನ ಒಂದು ಮಾತು ಆಧಾರವಾಗಿತ್ತು. ನಿಮ್ಮ ಮೇಲೆ ಹೊರಿಸುವ ಆರೋಪದಲ್ಲಿ ನನ್ನ ಪಾಲನ್ನು ಬಿಟ್ಟು ಬರೆದರೆ ಈ ಬರಹವೂ ನಿಮ್ಮ ವರದಿಯಂತೆಯೇ ಆದೀತು. ನಿಮ್ಮನ್ನು ಕೆಡಿಸಿದ್ದು ದರ್ಪ. ನನ್ನನ್ನು ಕೆಡಿಸಿದ್ದು ಹೊಟ್ಟೆಕಿಚ್ಚು.

ನೀವು ಕೆಲಸದಿಂದ ತೆಗೆದ ಆ ವಾಯರಮನ್ ನನ್ನ ದೊಡ್ಡಪ್ಪನ ಮಗ. ನನಗಿಂತ ಮೂರು ವರ್ಷ ದೊಡ್ಡವನು. ಮಂಗಸೂಳಿಯ ಹತ್ತಿರದ ನಮ್ಮ ಊರಿನಲ್ಲಿ ಎರಡೂ ಸಂಸಾರಗಳು ಒಂದೇ ಮನೆಯಲ್ಲಿದ್ದವು. ದ್ರಾಕ್ಷಿ ತೋಟ ಒಂದೇ, ಬಾವಿ ಒಂದೇ, ಮನೆದೇವರು ಮಲ್ಲಯ್ಯನೂ ಒಬ್ಬನೇ. ಬೇರೆಯಾಗಿದ್ದದ್ದು ನಮ್ಮಿಬ್ಬರ ಬಗ್ಗೆ ಮನೆಯವರು ಆಡುತ್ತಿದ್ದ ಮಾತು. ಅಣ್ಣ ಹತ್ತನೆಯ ತರಗತಿಯಲ್ಲಿ ನಪಾಸಾಗಿ ಮನೆಯಲ್ಲಿದ್ದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದಲ್ಲಿ ಮೊದಲಿಗಳು. ಒಂದು ಬೇಸಿಗೆಯಲ್ಲಿ ಬಾವಿಯ ಮೋಟರು ಗುಂಯ್ಗುಡಲು ಶುರುವಾಯಿತು. ಅಥಣಿಯಿಂದ ಮಿಸ್ತ್ರಿಯನ್ನು ಕರೆಸಬೇಕೆಂದು ಅಪ್ಪ ಅಂಗಿ ಹಾಕಿಕೊಂಡು ಹೊರಟಿದ್ದ. ಅಣ್ಣ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿನ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತ.

"ವೈಂಡಿಂಗ್ ಚೊಲೊ ಐತಿ ಕಾಕಾ. ಹಿಂದಿನ ಬೇರಿಂಗ್ ಹೋಗೇತಿ. ಬೇರಿಂಗ್ ಅಷ್ಟ ತಗೊಂಡ ಬಾ, ಮಿಸ್ತ್ರಿ ಬ್ಯಾಡ."

ಅವನು ಹೇಳಿದಂತೆಯೇ ಆಯಿತು. ಅಪ್ಪ ಆ ರಾತ್ರಿಯ ಊಟಕ್ಕೆ ಕೂತಾಗ, "ಇಂವನ ಕೈಯಾಗ ಏನೋ ಐತಿ ನೋಡು," ಎಂದು ಅವ್ವನಿಗೆ ಹೇಳಿ, ನನ್ನ ಕಡೆ ತಿರುಗಿ, "ನಿನಗ ಪುಸ್ತಕ ಅದಾವಲ್ಲ ಬೇ, ಯಾಕ ಮಾರಿ ಸಣ್ಣ ಮಾಡೀದಿ?" ಎಂದ. ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ಬಾವಿಗೆ ಹೋಗಿ ನಾನೂ ಸ್ಕ್ರೂಡ್ರೈವರನ್ನು ಕಿವಿಗೆ ಹಚ್ಚಿಕೊಂಡೆ. ಸದ್ದು ಕೇಳಿಸಿತು, ಅರ್ಥವಾಗಲಿಲ್ಲ. ಅಂದು ಹುಟ್ಟಿದ ಕಿಚ್ಚನ್ನು ನಾನು ಬೆಳಗಾವಿಯ ಕಾಲೇಜಿನ ನಾಲ್ಕು ವರ್ಷ ಓದಿನ ಹೆಸರಿನಲ್ಲಿ ಸಾಕಿದೆ. ಎಲ್ಲರೂ ಅದನ್ನು ಛಲವೆಂದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ರಾಯಬಾಗದ ಕಡೆಗಿದ್ದ ನಿಮ್ಮ ಸಕ್ಕರೆ ಕಾರ್ಖಾನೆಯಲ್ಲಿ ನಾನು ಎಂಜಿನಿಯರಾಗಿ ಸೇರಿದೆ. ಬಾಯ್ಲರಿನ ಒತ್ತಡ ಮತ್ತು ಉಷ್ಣದ ಮೀಟರುಗಳನ್ನು ನೋಡಿಕೊಳ್ಳುವ ವಿಭಾಗ ನನ್ನದು. ಅಣ್ಣ ಅಲ್ಲಿ ನಾಲ್ಕು ವರ್ಷಗಳಿಂದ ವಾಯರಮನ್ ಆಗಿದ್ದ. ಗೇಟಿನಲ್ಲಿ ನನ್ನನ್ನು ಕಂಡರೆ ಎಲ್ಲರೆದುರು ಕೈಮುಗಿದು, "ನಮಸ್ಕಾರ್ರಿ ಎಂಜಿನೀಯರ್ ಬಾಯಾರ, ಇವತ್ತ ಯಾವ ಮೀಟರ್ ಅಳಾಕತ್ತೇತಿ?" ಎನ್ನುತ್ತಿದ್ದ. ಅದರಲ್ಲಿ ಹೆಮ್ಮೆಯೇ ಇತ್ತು. ನನಗೆ ಆಗ ಕುಟುಕಿದಂತೆ ಕೇಳುತ್ತಿತ್ತು.

ಅದೇ ವರ್ಷ ನಿಮ್ಮ ಮಾಲಕರು ನಾಲ್ಕು ಸೀಟಿನ ಹಳೆಯ ವಿಮಾನವೊಂದನ್ನು ಕೊಂಡರು. ಕಬ್ಬಿನ ಗಾಡಿಗಳು ನಿಲ್ಲುವ ಅಂಗಳದ ಆಚೆ ಗರಸು ಹಾಕಿ, ರೋಲರು ಹೊಡೆಸಿ ಓಡುದಾರಿ ಮಾಡಿದರು. ವಿಮಾನದ ದುರಸ್ತಿಗೆ ಸಹಿ ಹಾಕುವ ಅಧಿಕಾರ ಪುಣೆಯಿಂದ ಬರುವ ಲೈಸೆನ್ಸಿನ ಎಂಜಿನಿಯರರಿಗೆ ಮಾತ್ರ. ನಡುವಿನ ದಿನಗಳಲ್ಲಿ ತೊಳೆಯುವುದು, ಬ್ಯಾಟರಿ ಚಾರ್ಜು ಮಾಡುವುದು, ಇಂಥ ಸಣ್ಣ ಕೆಲಸಕ್ಕೆ ಕಾರ್ಖಾನೆಯವನೊಬ್ಬ ಬೇಕಾಗಿದ್ದ. ನಾನು ಅರ್ಜಿ ಕೊಟ್ಟೆ. ವಿದ್ಯುತ್ ವಿಷಯದ ಪದವಿ, ಅಂಕಪಟ್ಟಿ, ಎಲ್ಲವನ್ನೂ ಲಗತ್ತಿಸಿದ್ದೆ. ನಿಮ್ಮ ಮ್ಯಾನೇಜರ್ ಸಾಹೇಬರು ಅದನ್ನು ಓದಿ, ಮೇಜಿನ ಸುತ್ತ ಕುಳಿತವರಿಗೂ ಕೇಳಿಸುವಂತೆ ನಕ್ಕರು.

"ಬಾಯಿ, ಸೀರಿ ಉಟಗೊಂಡ ರೆಕ್ಕಿ ಮ್ಯಾಲ ಹತ್ತೋರೇನ್ರಿ ನೀವು? ಗಾಳಿ ಬಂದ್ರ ನಿಮ್ಮನ್ನ ಹಿಡ್ಯಾಕ ಇಬ್ಬರ ಆಳ ಇಡಬೇಕು!"

ನಾನು ಕೆಲಸಕ್ಕೆ ಚೂಡಿದಾರ ತೊಟ್ಟೇ ಬರುತ್ತಿದ್ದೆ. ಅವರಿಗದು ಕಂಡಿರಲಿಲ್ಲ. ಆ ಕೆಲಸ ಅರ್ಜಿಯನ್ನೇ ಹಾಕದ ಅಣ್ಣನಿಗೆ ಹೋಯಿತು. ಅಂದು ನಾನು ಸಿಟ್ಟಾಗಬೇಕಾಗಿದ್ದದ್ದು ಮ್ಯಾನೇಜರರ ಮೇಲೆ. ಆದರೆ ಮೇಲಿನವರ ಮೇಲೆ ಸಿಟ್ಟಾಗಲು ಧೈರ್ಯ ಬೇಕು. ಪಕ್ಕದವನ ಮೇಲೆ ಹೊಟ್ಟೆಕಿಚ್ಚು ಪಡಲು ಏನೂ ಬೇಕಾಗುವುದಿಲ್ಲ. ನಾನು ಅಗ್ಗದ ದಾರಿ ಹಿಡಿದೆ.

ಪ್ರತಿ ಅಮಾವಾಸ್ಯೆಗೆ ವಿಮಾನಕ್ಕೆ ಪೂಜೆಯಾಗುತ್ತಿತ್ತು. ನಮ್ಮ ಸೀಮೆಯಲ್ಲಿ ಟ್ರ್ಯಾಕ್ಟರಿಗೂ ಲಾರಿಗೂ ಮಾಡುವಂತೆ ಬಾನೆಟ್ಟು ಎತ್ತಿ, ಎಂಜಿನ್ನಿಗೇ ಪೂಜೆ ಮುಟ್ಟಬೇಕೆಂದು ಪೂಜಾರಿಯ ಹಟ. ಮಾಲಕರ ತಾಯಿ ವಯಸ್ಸಾದವರು, ಮಲ್ಲಯ್ಯನ ಭಕ್ತೆ. ಸ್ಟೂಲಿನ ಮೇಲೆ ನಿಂತು ಕೈ ಚಾಚಿದರೆ ಅವರಿಗೆ ಎಟಕುತ್ತಿದ್ದ ಜಾಗ ಒಂದೇ: ಎಂಜಿನ್ನಿನ ಹಿಂದಿನ ತಗಡಿನ ಗೋಡೆಯಲ್ಲಿ, ನಾಲ್ಕಾರು ಕಪ್ಪು ವಾಯರುಗಳು ಒಟ್ಟಿಗೆ ಬಂದು ಸೇರುವ ದಪ್ಪ ಬೋಲ್ಟು. ಅದಕ್ಕೆ ಅವರು ಮಲ್ಲಯ್ಯನ ಭಂಡಾರವನ್ನು, ಎಂದರೆ ಆ ದೇವರ ಅರಿಶಿನವನ್ನು, ಮುಷ್ಟಿ ತುಂಬಿ ಮೆತ್ತುತ್ತಿದ್ದರು. ಮೇಲೆ ಒಡೆದ ತೆಂಗಿನಕಾಯಿಯ ನೀರು. ಮೊದಲ ಪೂಜೆಯ ದಿನ ನಾನೂ ಪ್ರಸಾದಕ್ಕೆ ಹೋಗಿದ್ದೆ; ಹಳದಿ ನೀರು ಬೋಲ್ಟಿನ ಅಡಿಗೆ ಇಳಿದುಹೋಗುವುದನ್ನು ನೋಡಿದ್ದೆ. ಪೂಜೆಯಾದ ಮೇಲೆ ಅಣ್ಣ ಎಂಜಿನ್ನಿನ ಉಳಿದೆಲ್ಲವನ್ನೂ ಒರೆಸಿದ. ಆ ಬೋಲ್ಟನ್ನು ಮುಟ್ಟಲಿಲ್ಲ. ನಮ್ಮ ಮನೆಯಲ್ಲಿ ಬೆಳೆದವರು ಯಾರೂ ಮುಟ್ಟುತ್ತಿರಲಿಲ್ಲ. ಭಂಡಾರ ತಾನಾಗಿ ಉದುರಬೇಕು. ಬಟ್ಟೆ ಹಿಡಿದು ಒರೆಸುವುದೆಂದರೆ ದೇವರನ್ನೇ ಹೊರಗೆ ಹಾಕಿದಂತೆ.

ಆರು ತಿಂಗಳಾಗುವಷ್ಟರಲ್ಲಿ ಮೀಟರಿನ ಮುಳ್ಳುಗಳು ಕುಣಿಯತೊಡಗಿದವು. ಎಡ ಟ್ಯಾಂಕಿಯ ಪೆಟ್ರೋಲು ಅರ್ಧವಿದ್ದರೆ ಒಮ್ಮೆ ಅರ್ಧ, ಮರುಕ್ಷಣ ಮುಕ್ಕಾಲು. ಎಣ್ಣೆಯ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಜಿಗಿದು ಮತ್ತೆ ತಣ್ಣಗಾಗುತ್ತಿತ್ತು. ನೆಲದ ಮೇಲೆ ಸುಮ್ಮನೆ ನಿಲ್ಲಿಸಿ ನೋಡಿದರೆ ಎಲ್ಲವೂ ಸರಿ. ಪುಣೆಯ ಎಂಜಿನಿಯರರು ಬಂದ ದಿನ ಮುಳ್ಳುಗಳು ಶಾಲೆಯ ಇನ್ಸ್‌ಪೆಕ್ಟರರ ಮುಂದಿನ ಮಕ್ಕಳಂತೆ ಕೈಕಟ್ಟಿ ನಿಂತವು. ಅವರು ಎಡ ಟ್ಯಾಂಕಿಯೊಳಗಿನ ತೇಲುಗುಂಡನ್ನು ಅನುಮಾನದ ಮೇಲೆ ಬದಲಿಸಿ, ಸಹಿ ಹಾಕಿ ಹೋದರು. ವಾರದೊಳಗೆ ಅದೇ ಕುಣಿತ. ಆಮೇಲೆ ಅವರನ್ನು ಕರೆಸುವುದನ್ನೇ ನೀವು ಕಡಿಮೆ ಮಾಡಿದಿರಿ. ತಿಂಗಳಿಗೊಮ್ಮೆ ಬರುತ್ತಿದ್ದವರು, ಕರೆದಾಗ ಮಾತ್ರ ಬರಬೇಕಾಯಿತು, ನೀವು ಕರೆಯಲಿಲ್ಲ.

ಬಂದುಹೋಗುವ ದೋಷದ ಕಷ್ಟ ಏನೆಂದರೆ, ಹುಡುಕಲು ಕೂತಾಗ ಅದು ಇರುವುದಿಲ್ಲ. ಅಣ್ಣ ಅದಕ್ಕೆ ತನ್ನದೇ ಉಪಾಯ ಮಾಡಿದ. ನೂರು ಹಾಳೆಯ ವಹಿಯೊಂದನ್ನು ತಂದು, ಪೈಲಟ್ಟರ ಪಕ್ಕದಲ್ಲಿ ಎರಡು ಸಲ ಹಾರಿ, ಯಾವ ಮುಳ್ಳು ಯಾವಾಗ ಜಿಗಿಯಿತು, ಆಗ ಏನೇನು ಚಾಲೂ ಇತ್ತು ಎಂದು ಬರೆಯತೊಡಗಿದ. ಪೈಲಟ್ಟರಿಗೂ ಪೆನ್ಸಿಲು ಕೊಟ್ಟು, ತಾನಿಲ್ಲದಾಗ ಗುರುತು ಹಾಕಿಸಿದ, ಹೀಗೆ ಮೂರು ತಿಂಗಳು.

ಅವನು ಹಾರಿದ ಸುದ್ದಿ ನನಗೆ ಕ್ಯಾಂಟೀನಿನಲ್ಲಿ ಸಿಕ್ಕಿತು. ಭಜಿಯ ಬಶಿಯನ್ನು ಮುಂದಿಟ್ಟುಕೊಂಡು ಅವನೇ ಹೇಳುತ್ತಿದ್ದ.

"ಕೃಷ್ಣಾ ನದಿ ಅಂದ್ರ ಮ್ಯಾಲಿಂದ ಒಣಹಾಕಿದ ಧೋತ್ರ ಇದ್ದಂಗ ಕಾಣತೈತ್ಲೇ. ಪೈಲಟ್ ಸಾಹೇಬ್ರು ನಮ್ಮೂರ ಮ್ಯಾಲ ಒಂದ ಸುತ್ತ ಹೊಡದ್ರು. ನಮ್ಮ ಕಾಕು ಮಾಳಿಗಿ ಮ್ಯಾಲ ಶ್ಯಾವಿಗಿ ಒಣಗಸಾಕತ್ತಿದ್ಳು. ಕೈ ಬೀಸಿದ್ಳಪಾ!"

ಅವನ ಕಾಕು ಎಂದರೆ ನನ್ನ ಅವ್ವ. ಆ ಭಾನುವಾರ ಊರಿಗೆ ಹೋದಾಗ ಅವಳನ್ನು ಕೇಳಿದೆ. ಶ್ಯಾವಿಗೆಯ ಡಬ್ಬಿಯ ಮುಚ್ಚಳ ಒತ್ತುತ್ತಾ ಅವಳು, "ಹೌದಽ, ಬೀಸೀನಿ. ಅದರಾಗ ನೀ ಇದ್ದೀದಿ ಅಂತ ತಿಳದ್ನಿ. ಎಂಜಿನೀಯರ್ ನೀ ಅಲ್ಲೇನ ಮತ್ತ?" ಎಂದಳು.

ಮರಳುವಾಗ ಬಸ್ಸಿನಲ್ಲಿ ಕಾಗವಾಡ ದಾಟುವವರೆಗೂ ಕಿಟಕಿಯ ಸರಳನ್ನು ಹಿಡಿದೇ ಕುಳಿತಿದ್ದೆ. ಅವನು ಓಡುದಾರಿಯನ್ನು, ರೆಕ್ಕೆಯನ್ನು, ಮೇಲಿನ ನೋಟವನ್ನು ಪಡೆದದ್ದನ್ನು ಹೇಗೋ ನುಂಗಿಕೊಂಡಿದ್ದೆ. ನನ್ನ ಅವ್ವ ನನಗೆಂದು ಬೀಸಿದ ಕೈಯೂ ಅವನ ಪಾಲಿಗೇ ಹೋದದ್ದನ್ನು ನುಂಗಲಾಗಲಿಲ್ಲ.

ಮುಂದಿನ ವಾರ ಅಣ್ಣ ಆ ವಹಿಯನ್ನು ನನ್ನ ಮೇಜಿನ ಮೇಲೆ ತಂದಿಟ್ಟ. "ನನಗ ತಿಳಿವಲ್ದು ತಂಗಿ. ಬರದದ್ದು ಬರದೀನಿ, ಲೆಕ್ಕ ಕೂಡವಲ್ದು. ನೀ ಓದಿದಾಕಿ, ಒಂದ ಸಲ ಕಣ್ಣ ಹಾಯ್ಸು." ಅವನು ಹೋದ ಮೇಲೆ ತೆರೆದೆ. ಹತ್ತು ನಿಮಿಷ ಸಾಕಾಯಿತು. ವೈರ್‌ಲೆಸ್ಸಿನ ಗುಂಡಿ ಒತ್ತಿ ಮಾತಾಡಿದಾಗ, ಇಲ್ಲವೇ ಮುಂದಿನ ದೀಪ ಹಚ್ಚಿದಾಗ, ವಿದ್ಯುತ್ತಿನಿಂದ ನಡೆಯುವ ಮುಳ್ಳುಗಳೆಲ್ಲ ಒಟ್ಟಿಗೇ ಜಿಗಿದಿದ್ದವು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಒಂದು ಸಲವೂ ಅಲುಗಿರಲಿಲ್ಲ; ಅದು ವಾಯರಿನಿಂದಲ್ಲ, ಎಂಜಿನ್ನಿನಿಂದ ನೇರ ಬರುವ ಸಣ್ಣ ಕೊಳವೆಯಿಂದ ನಡೆಯುವಂಥದು. ಒಂದು ಮುಳ್ಳು ಕೆಟ್ಟರೆ ಅದರ ಟ್ಯಾಂಕಿಯಲ್ಲಿ ಹುಡುಕಬೇಕು. ಎಲ್ಲವೂ ಒಟ್ಟಿಗೆ ಕೆಟ್ಟರೆ, ಅವೆಲ್ಲಕ್ಕೂ ಸಾಮಾನ್ಯವಾದ ಜಾಗದಲ್ಲಿ, ಎಂದರೆ ಅರ್ಥಿಂಗಿನಲ್ಲಿ ಹುಡುಕಬೇಕು. ದೀಪಕ್ಕೂ ವೈರ್‌ಲೆಸ್ಸಿಗೂ ಮೀಟರಿಗೂ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ ಆ ಒಂದೇ ಬೋಲ್ಟು. ಅಲ್ಲಿ ತುಕ್ಕು ಕೂತು ದಾರಿ ಇಕ್ಕಟ್ಟಾದರೆ, ದೊಡ್ಡ ಭಾರ ಬಿದ್ದಾಗ ಮೀಟರುಗಳು ಸುಳ್ಳು ಹೇಳುತ್ತವೆ. ಇನ್ನೊಂದು ವಿಷಯವೂ ವಹಿಯಲ್ಲಿತ್ತು: ಕುಣಿತ ಹೆಚ್ಚಾಗುತ್ತಿದ್ದದ್ದು ಪ್ರತಿ ಅಮಾವಾಸ್ಯೆಯ ನಂತರದ ದಿನಗಳಲ್ಲಿ.

ನನಗೆ ಹಳದಿ ಬೋಲ್ಟು ಕಣ್ಣಮುಂದೆ ಬಂತು. ನಾನು ಎದ್ದು ಹೋಗಿ ಅವನನ್ನು ಕರೆಯಬೇಕಾಗಿತ್ತು. ಬದಲಾಗಿ ಕೆಂಪು ಶಾಯಿಯ ಪೆನ್ನು ತೆಗೆದು ಅವನ ವಹಿಯ ಕಾಗುಣಿತ ತಪ್ಪುಗಳನ್ನು ತಿದ್ದಿದೆ. ಹನ್ನೊಂದು ಹಾಳೆ ತಿದ್ದಿದೆ. ಸಂಜೆ ಅದನ್ನು ಮರಳಿಸುತ್ತಾ, "ಬರಹ ಸುಧಾರಿಸಬೇಕು," ಎಂದೆ.

ಅವನು ಪುಟ ತಿರುವಿದ. "ಮುಳ್ಳಿಂದು?"

"ಇನ್ನೂ ಬರಿ. ಇಷ್ಟರಾಗ ಏನೂ ತಿಳಿಯೂದಿಲ್ಲ."

ನನ್ನ ಸಹಾಯವಿಲ್ಲದೆ ಅವನು ಎಂದಿಗೂ ಕಂಡುಹಿಡಿಯಲಾರ ಎಂಬ ನಂಬಿಕೆ ನನಗಿತ್ತು. ಕೊನೆಗೊಂದು ದಿನ ಎಲ್ಲರೂ ಸೋತಾಗ ನಾನು ಚೂಡಿದಾರದಲ್ಲೇ ರೆಕ್ಕೆ ಹತ್ತಿ, ಆ ಬೋಲ್ಟಿನ ಮೇಲೆ ಬೆರಳಿಡುತ್ತೇನೆ ಎಂದು ಮನಸ್ಸಿನಲ್ಲೇ ಚಿತ್ರ ಬಿಡಿಸಿಕೊಂಡಿದ್ದೆ. ಪೆಟ್ರೋಲಿನ ಮುಳ್ಳು ಸುಳ್ಳು ಹೇಳುವ ವಿಮಾನದಲ್ಲಿ ಅಷ್ಟು ದಿನ ಮನುಷ್ಯರು ಕೂತು ಹಾರುತ್ತಾರೆ ಎಂಬುದನ್ನು ಆ ಚಿತ್ರದಲ್ಲಿ ಸೇರಿಸಿರಲಿಲ್ಲ.

ಅಣ್ಣ ಮೂರು ವಾರದಲ್ಲಿ ತಾನೇ ಕಂಡುಹಿಡಿದ. ಪುಸ್ತಕದಿಂದಲ್ಲ, ಒಂದು ತುಂಡು ವಾಯರಿನಿಂದ. ಒಂದು ತುದಿಯನ್ನು ಬ್ಯಾಟರಿಯ ಋಣ ತುದಿಗೆ ಕಟ್ಟಿ, ಇನ್ನೊಂದು ತುದಿಯನ್ನು ಒಂದೊಂದೇ ಮೀಟರಿನ ಹಿಂದೆ ಮುಟ್ಟಿಸುತ್ತಾ ಹೋಗಿದ್ದ. ಅರ್ಥಿಂಗ್ ಪಟ್ಟಿಗೆ ಮುಟ್ಟಿಸಿದೊಡನೆ ಮುಳ್ಳುಗಳು ನಿಂತಲ್ಲೇ ನಿಂತವು. ಮ್ಯಾನೇಜರರನ್ನೂ ನನ್ನನ್ನೂ ವಿಮಾನದ ಬಳಿಗೆ ಕರೆದ.

"ನೋಡ್ರಿ ಸಾಹೇಬ್ರ, ಈಗ ವಾಯರ್ ಮುಟ್ಟೇತಿ. ಪೈಲಟ್ ಸಾಹೇಬ್ರ, ಗುಂಡಿ ಒತ್ತರಿ." ಮುಳ್ಳುಗಳು ಅಲುಗಲಿಲ್ಲ. "ಈಗ ತಗೀತೀನಿ. ಒತ್ತರಿ." ಎಲ್ಲವೂ ಒಟ್ಟಿಗೆ ಜಿಗಿದವು. "ಕಂಡತಿಲ್ರಿ? ಎಲ್ಲಾ ಬೋಲ್ಟ್ ಬಿಚ್ಚಿ ನೋಡೀನಿ, ಅದೊಂದ ಬಿಟ್ಟ. ದೇವರ ಜಾಗ ಅಂತ ಬಿಟ್ಟಿದ್ನಿ. ಅಪ್ಪಣಿ ಕೊಡ್ರಿ. ಭಂಡಾರ ಕಾಗದದಾಗ ತಗದ ದೇವರ ಮಾಡದಾಗ ಇಡತೀನಿ. ಬೋಲ್ಟ್ ತಿಕ್ಕಿ ಸ್ವಚ್ಛ ಮಾಡತೀನಿ. ಪುಣೇ ಸಾಹೇಬ್ರನ್ನ ಕರಸಿ ಸಹಿ ಮಾಡಸ್ರಿ. ಮುಂದ ಪೂಜಿ ಹೊರಗ ಪಂಖಾಕ್ಕ ಮಾಡೂನು."

ಮ್ಯಾನೇಜರರು ಎರಡು ಹೆಜ್ಜೆ ಹಿಂದೆ ಸರಿದರು. "ಹುಚ್ಚ ಹಿಡದೈತೇನಲೇ? ಮಾಲಕರ ಅವ್ವಾರು ಹಚ್ಚಿದ ಭಂಡಾರ ತಗಿ ಅಂತ ನಾ ಹೇಳಲಿ? ನನ್ನ ನೌಕರಿ ತಗದ ದೇವರ ಮಾಡದಾಗ ಇಡತಿಯೇನು?" ಆಮೇಲೆ ನನ್ನ ಕಡೆ ತಿರುಗಿದರು. "ಬಾಯಿ, ನೀವ ಹೇಳ್ರಿ. ಅರಿಷಿಣದಿಂದ ವಿಮಾನ ಕೆಡತೈತೇನು? ನಿಮ್ಮ ಕಾಲೇಜಿನಾಗ ಹಂಗ ಕಲಿಸ್ಯಾರೇನು?"

ಅಣ್ಣ ನನ್ನನ್ನು ನೋಡಿದ. ಅವನ ಮುಖದಲ್ಲಿ ಚೂರೂ ಅನುಮಾನವಿರಲಿಲ್ಲ. ಓದಿದ ತಂಗಿ ಹೌದು ಅನ್ನುತ್ತಾಳೆ, ಅಲ್ಲಿಗೆ ಮುಗಿಯಿತು ಎಂಬ ನೆಮ್ಮದಿಯಿಂದ ಕೈ ಒರೆಸಿಕೊಳ್ಳುತ್ತಿದ್ದ. ನಾನು ನಾಲ್ಕು ವರ್ಷ ಓದಿ ಹತ್ತು ನಿಮಿಷದಲ್ಲಿ ಕಂಡದ್ದನ್ನು ಅವನು ಒಂದು ಮೊಳ ವಾಯರಿನಲ್ಲಿ ಕಂಡಿದ್ದ. ಅದಕ್ಕಿಂತ ಹೆಚ್ಚಾಗಿ, ಅವನು ಕಂಡದ್ದನ್ನು ಹೇಳಿದ್ದ. ಬಾವಿಯ ಬಳಿ ಸ್ಕ್ರೂಡ್ರೈವರು ಹಿಡಿದು ನಿಂತ ಹುಡುಗಿ ನನ್ನೊಳಗಿನಿಂದ ಬಾಯಿ ತೆರೆದಳು.

"ಖಚಿತ ಹೇಳಾಕ ಬರೂದಿಲ್ರಿ. ಟ್ಯಾಂಕಿ ಒಳಗಿನ ಗುಂಡೂ ಇರಬಹುದು."

ಮ್ಯಾನೇಜರರು ಚಪ್ಪಾಳೆ ತಟ್ಟಿದರು. "ಕೇಳಿದೇನಲೇ? ಓದಿದೋರು ಹೇಳಾಕತ್ತಾರ."

ಅಣ್ಣ ವಾಯರನ್ನು ಸುತ್ತಿ ಜೇಬಿಗಿಟ್ಟುಕೊಂಡ. ಸಹಿಯಿಲ್ಲದೆ ಅದನ್ನು ವಿಮಾನದಲ್ಲಿ ಬಿಡುವಂತಿರಲಿಲ್ಲ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ವಹಿಯಲ್ಲಿ ಬರೆದ: ಅರ್ಥಿಂಗ್ ಬೋಲ್ಟು ಸ್ವಚ್ಛ ಮಾಡಲು ಅಪ್ಪಣೆ ಕೇಳಿದೆ, ಸಾಹೇಬರು ಬೇಡವೆಂದರು. ಬರೆದದ್ದನ್ನು ಪೈಲಟ್ಟರಿಗೆ ತೋರಿಸಿ, ಅವರಿಂದ ಗುರುತು ಹಾಕಿಸಿಕೊಂಡ. ಇದು ನಾನು ಕಂಡದ್ದು.

ಹದಿನೈದು ದಿನಗಳ ನಂತರ ಮಾಲಕರ ಅತಿಥಿಯೊಬ್ಬರು ಬೆಳಗಾವಿಯ ಕಡೆಯಿಂದ ಬಂದು ಮರಳುವವರಿದ್ದರು. ಮುಳ್ಳುಗಳನ್ನು ನಂಬದ ಪೈಲಟ್ಟರು ಹಾರುವ ಮುನ್ನ ಪ್ರತಿ ಸಲ ಗುರುತು ಮಾಡಿದ ಕಟ್ಟಿಗೆಯ ಕೋಲನ್ನು ಟ್ಯಾಂಕಿಗೆ ಇಳಿಸಿ ನೋಡುತ್ತಿದ್ದರು. ಅಂದು ಹೊತ್ತಾಗಿತ್ತು. ಅಣ್ಣ ಕೋಲು ಹಿಡಿದು ಓಡುದಾರಿಯವರೆಗೆ ಓಡಿದ. "ಕೋಲ ಹಾಕ್ರಿ ಸಾಹೇಬ್ರ, ಒಂದ ಮಿನಿಟ್!" ಮ್ಯಾನೇಜರರು ಅತಿಥಿಯ ಎದುರು ಇದೇನು ಅವಮಾನವೆಂಬಂತೆ ಅವನನ್ನು ಕೈಯಿಂದ ಸರಿಸಿ, ಹೊರಡಿರೆಂದು ಪೈಲಟ್ಟರಿಗೆ ಸನ್ನೆ ಮಾಡಿದರು. ಮುಳ್ಳು ಅರ್ಧ ಟ್ಯಾಂಕಿ ತೋರಿಸುತ್ತಿತ್ತಂತೆ. ಟ್ಯಾಂಕಿಯಲ್ಲಿ ತಳ ಮುಚ್ಚುವಷ್ಟೇ ಇತ್ತು.

ವಿಮಾನ ಚಿಕ್ಕೋಡಿಯ ಕಡೆಗೆ ತಿರುಗಿ ಹೆಚ್ಚು ದೂರ ಹೋಗಲಿಲ್ಲ. ಎಂಜಿನ್ನು ಎರಡು ಸಲ ಕೆಮ್ಮಿ ನಿಂತಿತು. ಪೈಲಟ್ಟರು ಆಳೆತ್ತರದ ಕಬ್ಬಿನ ಮೇಲೆ ಅದನ್ನು ತೇಲಿಸಿ ಇಳಿಸಿದ್ದರಿಂದ ಎಲ್ಲರೂ ಬದುಕಿದರು. ಅತಿಥಿಯ ಭುಜದ ಎಲುಬು ಮುರಿಯಿತು. ಪೈಲಟ್ಟರ ಎರಡು ಹಲ್ಲು ಹೋದವು. ನಾವು ಜೀಪಿನಲ್ಲಿ ತಲುಪಿದಾಗ ಹೊಲದ ರೈತ ಬದುವಿನ ಮೇಲೆ ನಿಂತು, ಬರುವವರಿಗೆಲ್ಲ ಹೇಳುತ್ತಿದ್ದ: "ಕಬ್ಬ ಕಡ್ಯಾಕ ಟೋಳಿ ಕಳಸ್ರಿ ಅಂತ ಕಾರ್ಖಾನಿಗೆ ಎಂಟ ದಿನ ಅಡ್ಡಾಡೀನ್ರಿ. ವಿಮಾನನ ಕಳಿಸ್ಯಾರ ನೋಡ್ರಿ! ಇನ್ನ ಮೇಲ ದೂರ ಹೇಳಬಾರದಪಾ!" ಜನ ನಕ್ಕರು. ಅಣ್ಣ ನಗಲಿಲ್ಲ. ಬಾಗಿದ ರೆಕ್ಕೆಯ ಕೆಳಗೆ ತೂರಿ, ಬ್ಯಾಟರಿಯ ವಾಯರು ಬಿಚ್ಚುತ್ತಿದ್ದ, ಕಿಡಿ ಹಾರಬಾರದೆಂದು. ಆ ಹೊತ್ತಿಗೆ ಆ ಕೆಲಸ ನೆನಪಾದದ್ದು ಅವನೊಬ್ಬನಿಗೇ. ನನಗೂ ಆಗಿರಲಿಲ್ಲ.

ವಾರದೊಳಗೆ ನೀವು ವಿಚಾರಣೆ ಮಾಡಿ ಮುಗಿಸಿದಿರಿ. ವಾಯರಮನ್ ದೋಷವನ್ನು ವರದಿ ಮಾಡಲಿಲ್ಲ, ಇದು ಕರ್ತವ್ಯಲೋಪ, ಕೆಲಸದಿಂದ ವಜಾ. ವಹಿಯನ್ನು ಮ್ಯಾನೇಜರರು ಅವನ ಕೈಯಿಂದ ತೆಗೆದುಕೊಂಡು ಕಪಾಟಿನಲ್ಲಿಟ್ಟದ್ದನ್ನು ವಿದ್ಯುತ್ ವಿಭಾಗದ ಎಲ್ಲರೂ ನೋಡಿದ್ದರು. ವಿಚಾರಣೆಗೆ ನನ್ನನ್ನು ಕರೆಯಲಿಲ್ಲ. ಕರೆಯಲಿಲ್ಲವೆಂಬ ನೆಪ ಸಿಕ್ಕದ್ದರಿಂದ ನಾನೂ ಹೋಗಲಿಲ್ಲ. ಹಲ್ಲು ಕಳೆದುಕೊಂಡ ಪೈಲಟ್ಟರು ಅಷ್ಟರಲ್ಲಿ ಕೆಲಸ ಬಿಟ್ಟು ತಮ್ಮೂರಿಗೆ ಹೋಗಿದ್ದರು.

ಆಮೇಲೆ ಬಂದದ್ದು ನನಗೆ ಸಿಕ್ಕ ಶಿಕ್ಷೆ. ಟ್ರಕ್ಕಿನಲ್ಲಿ ಹೇರಿ ತಂದ ವಿಮಾನದ ವಿದ್ಯುತ್ ಕೆಲಸವನ್ನು ನೀವು ನನಗೆ ಒಪ್ಪಿಸಿದಿರಿ. ವರ್ಷವಿಡೀ ಅಸೂಯೆಪಟ್ಟ ಜಾಗ ಒಂದು ಚೀಟಿಯಲ್ಲಿ ನನ್ನದಾಯಿತು. ಪುಣೆಯ ಎಂಜಿನಿಯರರು ಬಂದ ದಿನ, ಅವರ ಎದುರು ನಾನು ಬಾನೆಟ್ಟು ಎತ್ತಿದೆ. ಭಂಡಾರವನ್ನು ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡೆ, ಉಳಿದದ್ದನ್ನು ಕಾಗದಕ್ಕೆ ಇಳಿಸಿದೆ, ಅಣ್ಣ ಹೇಳಿದ್ದ ಹಾಗೆಯೇ. ಬೋಲ್ಟು ಬಿಚ್ಚಿದಾಗ ವಾಷರಿನ ಅಡಿಯಲ್ಲಿ ಬಿಳಿ ಹಸಿರು ಪುಡಿ, ಒಣಗಿ ಗಟ್ಟಿಯಾದ ಅರಿಶಿನದ ಪದರು. ಲೋಹ ಲೋಹವನ್ನು ಮುಟ್ಟುತ್ತಲೇ ಇರಲಿಲ್ಲ. ತಿಕ್ಕಿ ಬಿಗಿದೆವು. ಮುಳ್ಳುಗಳು ನಿಂತವು. ಪುಣೆಯವರು ತಮ್ಮ ಟಿಪ್ಪಣಿಯಲ್ಲಿ ಕಾರಣವನ್ನು ಸ್ಪಷ್ಟವಾಗಿ ಬರೆದು ಸಹಿ ಹಾಕಿದರು. ಆ ಟಿಪ್ಪಣಿಯೂ ನಿಮ್ಮ ಕಡತದಲ್ಲಿದೆ. ಅಂದು ರೆಕ್ಕೆಯ ಮೇಲೆ ನಿಂತಿದ್ದೆ. ಯಾವ ಗಾಳಿಯೂ ಬರಲಿಲ್ಲ. ನನ್ನನ್ನು ನೋಡಿ ಯಾರೂ ಕೈ ಬೀಸಲಿಲ್ಲ.

ಮುಂದಿನ ವರ್ಷ ನಾನು ಕೆಲಸ ಬಿಟ್ಟು ಚಿಕ್ಕೋಡಿಯಲ್ಲಿ ಪಾಠ ಹೇಳಲು ಸೇರಿದೆ. ಅಣ್ಣ ನಿಪ್ಪಾಣಿಯಲ್ಲಿ ತಗಡಿನ ಅಂಗಡಿ ಹಾಕಿ ಮೋಟರ್ ಸುತ್ತುತ್ತಾನೆ. ಅವನ ಕೈ ಕೆಟ್ಟಿಲ್ಲ. ಅಕ್ಕೋಳದಿಂದ, ಕಬ್ಬೂರಿನಿಂದ ಗಾಡಿ ಕಟ್ಟಿಕೊಂಡು ಮೋಟರು ತರುತ್ತಾರೆ. ಆದರೆ ಬೇರೆ ಯಾವ ಕಾರ್ಖಾನೆಯೂ ಅವನನ್ನು ಒಳಗೆ ಬಿಟ್ಟುಕೊಂಡಿಲ್ಲ. ವಿಮಾನ ಬೀಳಿಸಿದ ವಾಯರಮನ್ ಎಂದರೆ ಈ ಸುತ್ತಿನ ಎಲ್ಲ ಊರುಗಳಲ್ಲಿ ಅವನನ್ನು ಗುರುತಿಸುತ್ತಾರೆ. ಅವನ ಮಗನನ್ನು ಶಾಲೆಯಲ್ಲಿ ಹುಡುಗರು ಅದೇ ಮಾತಿನಿಂದ ಕಾಡುತ್ತಾರೆ.

ಹೋದ ತಿಂಗಳು ನಾನು ಆ ಅಂಗಡಿಗೆ ಹೋಗಿ, ಹತ್ತು ನಿಮಿಷದಲ್ಲಿ ತಿಳಿದದ್ದನ್ನೂ ಕೆಂಪು ಶಾಯಿಯನ್ನೂ ಬೋಲ್ಟಿನ ಮುಂದೆ ಆಡಿದ ಮಾತನ್ನೂ ಹೇಳಿದೆ. ಅವನು ತಾಮ್ರದ ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ. ಸುತ್ತು ಎಣಿಸುವಾಗ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ಸುರುಳಿ ಮುಗಿದ ಮೇಲೆ ಕಟ್ಟಿ, ಕತ್ತರಿಸಿ, ಮಾತಾಡಿದ.

"ನನಗ ಗೊತ್ತಿತ್ತ ಬೇ. ಅವತ್ತ ನಿನ್ನ ಮಾರಿ ನೋಡಿದಾಗಽ ಗೊತ್ತಾತು. ಸಣ್ಣಾಕಿ ಇದ್ದಾಗ ಬಾವಿ ಹಂತ್ಯಾಕ ಸ್ಕ್ರೂಡ್ರೈವರ್ ಕಿವೀಗೆ ಹಚ್ಚಕೊಂಡ ನಿಂತಿದ್ದೆಲ್ಲ, ಅದ ಮಾರಿ."

"ನೋಡಿದ್ದೇನು ನೀ?"

"ಬಳ್ಳಿ ಕಟ್ಟಾಕ ಹೋಗಿದ್ನಿ, ತೋಟದಾಗ ಇದ್ನಿ. ಕರದ ಕಲಿಸಬೇಕಂತ ಮಾಡಿದ್ನಿ. ನೀ ನಾಚಕೋತಿ ಅಂತ ಸುಮ್ಮನಾದ್ನಿ." ಸ್ವಲ್ಪ ಹೊತ್ತು ತಂತಿಯ ತುದಿಯನ್ನು ಕೆರೆದ. "ಸಿಟ್ಟ ಇಲ್ಲ ಅಂತ ಹೇಳೂದಿಲ್ಲ. ಐತಿ. ಆದ್ರ ನನ್ನ ಮುಂದ ಅತ್ತ ಏನ ಮಾಡತಿ? ನಿನಗ ಬರಿಯಾಕ ಬರತೈತಿ. ಅವರಿಗೆ ಬರಿ. ನನ್ನ ವಹಿ ಕೊಡ್ರಿ ಅಂತ ಬರಿ. ಕಾಗುಣಿತ ತಪ್ಪಲಾರದಂಗ ಬರಿ."

ಆದ್ದರಿಂದ ಬರೆಯುತ್ತಿದ್ದೇನೆ. ಅಂಥ ವಹಿ ಇಲ್ಲವೆಂದು ಇನ್ನು ನೀವು ಹೇಳಲಾರಿರಿ. ಅದರ ಹನ್ನೊಂದು ಹಾಳೆಗಳಲ್ಲಿ ಕೆಂಪು ಶಾಯಿಯ ನನ್ನ ಕೈಬರಹವಿದೆ. ಅವನನ್ನು ಕೆಳಗೆ ಹಾಕಲು ನಾನು ಎಳೆದ ಗೆರೆಗಳೇ ಇಂದು ಅವನ ಪರ ಸಾಕ್ಷಿ. ಯಾವ ನ್ಯಾಯಸ್ಥಾನದ ಮುಂದೆಯೂ ಅವನ್ನು ಗುರುತಿಸಲು, ಅಂದು ನಾನು ಗೊತ್ತಿದ್ದೂ ಸುಳ್ಳು ಹೇಳಿದೆನೆಂದು ಹೇಳಲು, ಅದರ ಫಲ ಏನಿದ್ದರೂ ಹೊರಲು ನಾನು ಸಿದ್ಧಳಿದ್ದೇನೆ.

ಆಡಳಿತ ಮಂಡಳಿಯವರಲ್ಲಿ ನನ್ನ ಕೋರಿಕೆ ಇಷ್ಟು. ಕಪಾಟಿನಲ್ಲಿರುವ ಆ ವಹಿಯನ್ನು ಹೊರತೆಗೆದು, ಅದನ್ನು ಬರೆದವನಿಗೆ ಮರಳಿಸಬೇಕು. ಪುಣೆಯ ಎಂಜಿನಿಯರರ ಟಿಪ್ಪಣಿಯೊಡನೆ ಅದನ್ನು ಇಟ್ಟುಕೊಂಡು ವಿಚಾರಣೆಯನ್ನು ಮತ್ತೆ ನಡೆಸಬೇಕು. ಈ ಸಲ ನನ್ನನ್ನು, ಪೈಲಟ್ಟರನ್ನು, ಅಪ್ಪಣೆ ನಿರಾಕರಿಸಿದ ಮ್ಯಾನೇಜರರನ್ನು ಕರೆಯಬೇಕು. ವಜಾ ಆದೇಶವನ್ನು ರದ್ದುಪಡಿಸಿ, ಅವನು ಬಯಸಿದರೆ ಕೆಲಸವನ್ನು, ಬಯಸದಿದ್ದರೂ ನಿರ್ದೋಷಿಯೆಂಬ ಪತ್ರವನ್ನು ಅವನಿಗೆ ಕೊಡಬೇಕು. ಆ ಪತ್ರದ ಪ್ರತಿಯನ್ನು, ವಜಾ ಆದೇಶವನ್ನು ಎಲ್ಲರಿಗೂ ಕಾಣುವಂತೆ ಅಂಟಿಸಿದ್ದ ಅದೇ ಗೇಟಿನ ಹಲಗೆಗೆ ಅಂಟಿಸಬೇಕು. ಈ ವಿಷಯದಲ್ಲಿ ತಾವು ಕೈಗೊಳ್ಳುವ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಉತ್ತರವನ್ನು ನನಗೆ ಕಳಿಸುವುದು ಬೇಡ. ನಿಪ್ಪಾಣಿಯ ತಗಡಿನ ಅಂಗಡಿಗೆ, ಅವನ ಹೆಸರಿಗೆ ಕಳಿಸಿರಿ.